ಗಿಣಿ ಓಡಿಸುವ ಹಾಡು ನಮ್ಮಜ್ಜಿಯದಲ್ಲ

ಆ ಹಾಡನ್ನು ನಮ್ಮಜ್ಜಿ ಹಾಡಿರಲಿಲ್ಲ. ನಾನು ಸುಳ್ಳು ಹೇಳಿದೆ. ನಮ್ಮಜ್ಜಿಯ ದನಿ ಹೇಗಿತ್ತು ಎಂಬುದೇ ನನಗೆ ಗೊತ್ತಿಲ್ಲ — ನಾನು ಹುಟ್ಟುವ ಮೊದಲೇ ಅಂಚೆಟ್ಟಿ ಕಡೆಯ ನಮ್ಮ ಹೊಲದಂಚಿನಲ್ಲಿ ಅವಳು ಮಣ್ಣಾಗಿದ್ದಳು. ಹಾಡು ನಂಜುಂಡನದು. ಬೇರಿಕೆಯ ನಂಜುಂಡ, ನನ್ನ ಗೆಳೆಯ, ಹೊಸೂರಿನ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಮಿಷನ್ನಿನ ಮುಂದೆ ನಿಂತು ನಿಂತೇ ಕಾದಂಬರಿ ಕಟ್ಟಿದವನು. ಅವನ ಹಾಡನ್ನು ನಾನು ಕಿತ್ತುಕೊಂಡೆ — ಕಿತ್ತುಕೊಂಡದ್ದೂ ಅಲ್ಲ, ಅವನೇ ಕೈಯಾರೆ ಎತ್ತಿ ಕೊಡುವಂತೆ ಮಾಡಿದೆ. ಒಂದು ಮಾತಿನಿಂದ.

ನನ್ನನ್ನು ಮೈಕ್ ಚಿನ್ನಪ್ಪ ಎನ್ನುತ್ತಾರೆ. ಬೇರಿಕೆ ಸಂತೆಬೀದಿಯಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ಇಟ್ಟಿದ್ದೆ. ಸುತ್ತಲ ಊರುಗಳಲ್ಲಿ ಯಾರ ದನಿಯನ್ನಾದರೂ ಒಮ್ಮೆ ಕೇಳಿದರೆ ಸಾಕು, ಅವರ ಹೆಂಡತಿಯೂ ಮೋಸಹೋಗುವಂತೆ ಮಾತಾಡಬಲ್ಲೆ. ಒಂದು ಮದುವೆಯಲ್ಲಿ ಗಂಡಿನ ಸೋದರಮಾವನ ದನಿಯಲ್ಲಿ ‘ಎಲೆ ಹಾಕೈತೆ, ಎದ್ದು ಬನ್ನಿ’ ಎಂದು ಕೂಗಿ, ತಾಳಿ ಕಟ್ಟುವ ಮೊದಲೇ ಚಪ್ಪರ ಖಾಲಿ ಮಾಡಿಸಿದವನು ನಾನು. ಕಂಡಕ್ಟರ್ ಟೀ ಕುಡಿಯುತ್ತಿದ್ದಾಗ ಅವನ ಹಾಗೆಯೇ ಸೀಟಿ ಊದಿ, ಅವನನ್ನು ಬಿಟ್ಟು ಬಸ್ಸನ್ನು ಹೊರಡಿಸಿದವನೂ ನಾನೇ. ಬೈದವರಿಗಿಂತ ನಕ್ಕವರೇ ಹೆಚ್ಚು. ಇದನ್ನೆಲ್ಲ ಹೇಳುವಾಗ ಈಗಲೂ ಎದೆ ಸ್ವಲ್ಪ ಉಬ್ಬುತ್ತದೆ — ಉಬ್ಬಲಿ ಬಿಡಿ, ಮುಂದೆ ಇಳಿಯುವುದು ಇದ್ದೇ ಇದೆ.

ಇನ್ನೊಂದು ವಿದ್ಯೆಯೂ ನನ್ನಲ್ಲಿತ್ತು. ಮೂರು ರಾಜ್ಯಗಳ ಗಡಿಯಾದ ನಮ್ಮ ಕಡೆ ಮನೆಯಲ್ಲಿ ಕನ್ನಡ, ಪಕ್ಕದ ಮನೆಯಲ್ಲಿ ತೆಲುಗು, ಆಫೀಸಿನಲ್ಲಿ ತಮಿಳು, ಮೂರನ್ನೂ ಆಡದವರಿಲ್ಲ. ಆದರೆ ಒಂದರಲ್ಲಿ ಕೇಳಿದ ಹಾಡನ್ನು ಅದೇ ಉಸಿರಿನಲ್ಲಿ ಇನ್ನೊಂದಕ್ಕೆ ತಿರುಗಿಸಿ, ಧಾಟಿ ಕೆಡದಂತೆ ಹಾಡುವುದು ನನ್ನೊಬ್ಬನಿಂದಲೇ ಆಗುತ್ತಿತ್ತು. ಮದುವೆ ಛತ್ರದಲ್ಲಿ ಹೆಣ್ಣಿನ ಕಡೆಯವರು ತೆಲುಗರು, ಗಂಡಿನ ಕಡೆಯವರು ಕನ್ನಡದವರು ಎಂದಾದರೆ ಎರಡೂ ಕಡೆ ನನ್ನನ್ನೇ ಕರೆಯುತ್ತಿದ್ದರು. ನಂಜುಂಡನನ್ನು ಮುಗಿಸಿದ್ದು ಈ ವಿದ್ಯೆ.

ಅವನ ಕಾದಂಬರಿ ಬೈರಕ್ಕ ಎಂಬ ಹೆಂಗಸಿನದು. ಬೈರಕ್ಕ ಎಲ್ಲಿಯೂ ಇರಲಿಲ್ಲ, ಅವನು ಹುಟ್ಟಿಸಿದವಳು. ಕೃಷ್ಣಗಿರಿ ಕಡೆಯ ಮಾವಿನ ತೋಪೊಂದರಲ್ಲಿ ಅವಳು ಕಾವಲುಗಾತಿ. ಕಾಯಿ ಬಲಿಯುವ ಕಾಲಕ್ಕೆ ಗಿಣಿಗಳು ಹಿಂಡು ಹಿಂಡಾಗಿ ಇಳಿಯುತ್ತವಲ್ಲ — ಅವನ್ನು ಓಡಿಸಲು ಉಳಿದವರು ತಗಡು ಬಡಿಯುತ್ತಾರೆ, ‘ಹೋ’ ಎಂದು ಕೂಗುತ್ತಾರೆ. ಬೈರಕ್ಕ ಪದ ಕಟ್ಟಿ ಕೂಗುತ್ತಾಳೆ. ಅವಳು ಮಹಾಕವಿ. ಅದು ಅವಳಿಗೆ ಗೊತ್ತಿಲ್ಲ, ಊರಿಗೂ ಗೊತ್ತಿಲ್ಲ. ಕೇಳುವುದು ಗಿಣಿಗಳು ಮಾತ್ರ, ಅವೂ ಕೇಳಿದ ತಕ್ಷಣ ಹಾರಿಹೋಗುತ್ತವೆ. ಇದು ಕತೆ.

ಕತೆ ಸೊಗಸಾಗಿ ಸಾಗಿತ್ತು. ಅವಳ ಪದ ಕೇಳಿ ದಾರಿಹೋಕ ನಿಲ್ಲುವುದು, ತೋಪಿನ ಯಜಮಾನ ಬೈಯಲು ಬಂದವನು ಮಾತು ಮರೆಯುವುದು, ಎಲ್ಲವನ್ನೂ ಬರೆದಿದ್ದ. ಪದ ಬರಬೇಕಾದಲ್ಲಿ ಮಾತ್ರ ಹಾಳೆಯಲ್ಲಿ ಖಾಲಿ ಜಾಗ. ನನಗೆ ಅಷ್ಟು ಸಾಕಾಗಿತ್ತು. ಪಾಳಿ ಮುಗಿಸಿ ನನ್ನ ಅಂಗಡಿಗೆ ಬಂದು ಕೂತಾಗಲೆಲ್ಲ ಕೆಣಕುತ್ತಿದ್ದೆ.

“ಪೈಲ್ವಾನನ ಕತೆ ಬರೆಯೋನು ಕುಸ್ತಿ ಆಡಿ ತೋರಿಸ್ಬೇಕಾಗಿಲ್ಲ ಕಣ್ಲಾ. ಅಡುಗೆ ಭಟ್ಟನ ಕತೆ ಬರೆದ್ರೆ ಓದೋರು ಊಟ ಕೇಳಾಕಿಲ್ಲ. ಮಹಾಕವಿ ಕತೆ ಅಂದ್ರೆ ಮಾತ್ರ, ಎಲ್ಲಿ ಒಂದು ಪದ ಬಿಡು ಅಂತಾರೆ. ಆವಾಗ ಬೈರಕ್ಕ ಬಾಯಿ ಬಿಟ್ಟರೆ ಒಳಗೆ ಕಾಣೋದು ಈ ನಂಜುಂಡನ ಹುಳುಕು ಹಲ್ಲು ತಾನೆ?”

“ಅವಳು ಹಾಡೋವರ್ಗೂ ಕಾಯ್ತೀನಿ ಬುಡ್ಲಾ.”

“ಅವಳ್ಯಾರ್ಲಾ? ಅವಳೂ ನೀನೇ ಅಲ್ವಾ?”

“ನಾನಲ್ಲ. ನಾನಾದ್ರೆ ಆಗಾಕಿಲ್ಲ, ಅದಕ್ಕೇ ಕಾಯ್ತಾ ಇರೋದು.”

ಇದೆಂಥ ಉತ್ತರ ಎಂದು ಆಗ ನಕ್ಕಿದ್ದೆ. ಈಗ ಯೋಚಿಸಿದರೆ — ಒಬ್ಬ ಮನುಷ್ಯ ತನಗಿಂತ ದೊಡ್ಡವಳೊಬ್ಬಳನ್ನು ತನ್ನ ತಲೆಯೊಳಗೇ ಕೂರಿಸಿಕೊಂಡು, ಅವಳು ಬಾಯಿ ತೆರೆಯಲಿ ಎಂದು ವರ್ಷಗಟ್ಟಲೆ ಬಾಗಿಲಲ್ಲಿ ನಿಂತಿದ್ದ. ಬೇರಿಕೆಯಿಂದ ಹೊಸೂರಿಗೆ ಹೋಗುವ ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಗುನುಗುತ್ತಿದ್ದ. ಜತೆಯ ಕೆಲಸಗಾರರು ‘ಮಂತ್ರವಾದಿ’ ಎಂದು ರೇಗಿಸುತ್ತಿದ್ದರು.

ಒಂದು ಸಂತೆಯ ದಿನ ಬೆಳಿಗ್ಗೆ ಬಂದ. ಕಾರ್ಖಾನೆಯ ನೀಲಿ ಅಂಗಿ ಇನ್ನೂ ಮೈಮೇಲಿತ್ತು. ನಾನು ಒಂದು ಹಾರನ್ನಿನ ತಂತಿ ಬಿಚ್ಚುತ್ತ ಕೂತಿದ್ದೆ. ಕೂರಲಿಲ್ಲ ಅವನು. ನಿಂತುಕೊಂಡೇ, ಯಾರದೋ ಸುದ್ದಿ ಹೇಳುವವನಂತೆ ಮೆಲ್ಲಗೆ ಹೇಳಿದ:

ಹಾರು ಗಿಣಿಯೇ ಹಾರು, ತೋಪು ನಂದಲ್ಲ,
ಕೂಗೋ ಗಂಟಲು ಮಾತ್ರ ನಂದು —
ನೀ ಹಾರಿದ ಮ್ಯಾಲೆ ಕೊಂಬೆ ಅಲ್ಲಾಡ್ತದಲ್ಲ,
ಅಷ್ಟೊತ್ತು, ಅಷ್ಟೇ ಹೊತ್ತು, ಮರ ನಂದು.

ಏನು ಹೇಳಲಿ. ನನ್ನ ಕೈಯಲ್ಲಿದ್ದ ತಂತಿ ಹಾಗೇ ನಿಂತಿತು. ಹೊರಗೆ ಸಂತೆಯ ಗದ್ದಲ ಇತ್ತು, ಅದೂ ದೂರ ಸರಿದಂತಾಯಿತು. ಜೀವಮಾನವಿಡೀ ಬೇರೆಯವರ ದನಿ ತೆಗೆದವನು ನಾನು. ದನಿ ಎರವಲು ಯಾವುದು, ಸ್ವಂತದ್ದು ಯಾವುದು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಅಲ್ಲಿ ನಿಂತು ಆಡಿದ್ದು ನಂಜುಂಡನ ದನಿಯಲ್ಲ. ಬೈರಕ್ಕ. ಇಲ್ಲದ ಹೆಂಗಸು ನನ್ನ ಅಂಗಡಿಗೆ ಬಂದು, ನಾಲ್ಕು ಸಾಲು ಹೇಳಿ, ತಿರುಗಿ ತೋಪಿಗೆ ಹೋಗಿದ್ದಳು. ತನ್ನದಲ್ಲದ ಮರ, ತನ್ನದಲ್ಲದ ಹಣ್ಣು, ಹಕ್ಕಿ ಹಾರಿದ ಮೇಲಿನ ಆ ಒಂದು ಅಲುಗಾಟ — ಅಷ್ಟು ಹೊತ್ತಿನ ಒಡೆತನ. ತಗಡು ಒತ್ತುವ ನಂಜುಂಡ ಯಾವ ತೋಪನ್ನು ಕಾದಿದ್ದ? ಆಮೇಲೆ ನಾನು ಎಷ್ಟೋ ಮರಗಳ ಕೆಳಗೆ ನಿಂತು ನೋಡಿದ್ದೇನೆ. ಗಿಣಿ ಕೂತಾಗ ಕೊಂಬೆ ಅಷ್ಟು ಅಲುಗುವುದಿಲ್ಲ, ಹಾರಿದಾಗಲೇ ಅಲುಗುವುದು. ಆ ಮೊದಲು ನನ್ನ ಕಣ್ಣಿಗೆ ಅದು ಒಮ್ಮೆಯೂ ಬಿದ್ದಿರಲಿಲ್ಲ.

ಕಣ್ಣು ತುಂಬುವುದರಲ್ಲಿತ್ತು. ಆ ಹೊತ್ತಿಗೆ ನನ್ನ ಬಾಯಿ — ನನ್ನ ಬಾಯಿಗೆ ನನಗಿಂತ ಮುಂದೆ ಓಡುವ ಚಟ — ಹೊಟ್ಟೆಕಿಚ್ಚೋ, ಸೋತೆನೆಂಬ ಸಿಟ್ಟೋ, ಬರೀ ರೂಢಿಯೋ — ಯಾವುದಾದರೇನು, ಮಾತು ನನ್ನದೇ.

“ಇದಾ? ಇದು ನಮ್ಮಜ್ಜಿ ಹಾಡ್ತಿದ್ದ ಪದ ಅಲ್ವೇನ್ಲಾ.”

ನಂಜುಂಡ ನಕ್ಕ. ನನ್ನನ್ನು ಬಲ್ಲವನು, ನಗದೆ ಇನ್ನೇನು. “ಹೋಗ್ಲಾ,” ಎಂದ.

ಅಲ್ಲಿಗೆ ಬಿಡಬಹುದಿತ್ತು. ನಾನು ಬಿಡಲಿಲ್ಲ. ಕಣ್ಣು ಮುಚ್ಚಿ, ತೆಲುಗಿನಲ್ಲಿ, ಹಳೇ ಮುದುಕಿಯ ಒಡಕು ದನಿಯಲ್ಲಿ, ಬೀಸುವ ಕಲ್ಲಿನ ಧಾಟಿಗೆ ತಿರುಗಿಸಿ ಹಾಡಿದೆ — “ಎಗಿರಿಪೋ ಚಿಲುಕಾ, ತೋಪು ನಾದಿ ಕಾದು, ಕೇಕ ಒಕ್ಕಟೇ ನಾದಿ...” ನಾಲ್ಕೂ ಸಾಲು, ಎಲ್ಲೂ ತಡವರಿಸದೆ. ನಮ್ಮಲ್ಲಿ ಹಾಡುಗಳು ಹಾಗೆಯೇ ಅಲ್ಲವೆ, ಒಂದೇ ಹಾಡು ಒಂದು ಕೇರಿಯಲ್ಲಿ ಕನ್ನಡ, ಮುಂದಿನ ಕೇರಿಯಲ್ಲಿ ತೆಲುಗು. ತೆಲುಗಿನಲ್ಲೂ ಇದೆ ಎಂದಮೇಲೆ ಹಳೆಯದೇ ಇರಬೇಕು. ನಮ್ಮ ಸೀಮೆಯವನಲ್ಲದಿದ್ದರೆ ನಂಜುಂಡ ಈ ಬಲೆಗೆ ಬೀಳುತ್ತಲೇ ಇರಲಿಲ್ಲ.

ಕಣ್ಣು ಬಿಟ್ಟು ನೋಡಿದೆ. ನಗು ಹೋಗಿತ್ತು. ಅವನು ಜಗಳ ಆಡುತ್ತಾನೆ, ಆಗ ನಾನು ನಕ್ಕು ಬೆನ್ನಿಗೆ ಗುದ್ದುತ್ತೇನೆ — ನನ್ನ ಎಣಿಕೆ ಅದು. ಅವನು ಜಗಳ ಆಡಲಿಲ್ಲ.

“ಹಂಗೇ ಇರ್ಬೇಕು,” ಎಂದ. “ಎಲ್ಲೋ ಚಿಕ್ಕೋನಾಗಿದ್ದಾಗ ಕೇಳಿರ್ತೀನಿ. ಇಲ್ದಿದ್ರೆ ಇಷ್ಟು ಚೆನ್ನಾಗಿರೋದು ನಂಗೆಂಗ್ಲಾ ಬತ್ತದೆ.”

“ಇಂಥ ಪದ ಇನ್ನೂ ಅವೆಯಾ?” ಎಂದು ಕೇಳಿದೆ.

“ಅವೆ ಅಂದ್ಕೊಂಡಿದ್ದೆ,” ಎಂದ. ಹೊರಟುಹೋದ.

ಸಂತೆ ಮುಗಿದ ಮೇಲೆ ಹೇಳೋಣ ಎಂದುಕೊಂಡೆ. ಸಂಜೆ ಒಂದು ಮನೆಯ ಗೃಹಪ್ರವೇಶಕ್ಕೆ ಸೆಟ್ ಹಾಕಬೇಕಿತ್ತು. ಮರುದಿನ ಹೇಳೋಣ ಎಂದುಕೊಂಡೆ. ಆಮೇಲೆ — ಆಮೇಲೆ ಹೇಳುವುದಕ್ಕೆ ನಾಚಿಕೆಯಾಯಿತು, ನಾಚಿಕೆ ಕಳೆಯುವ ಹೊತ್ತಿಗೆ ಪುಸ್ತಕವೇ ಬಂತು.

ಪುಸ್ತಕದಲ್ಲಿ ಬೈರಕ್ಕ ಹಾಡುವುದಿಲ್ಲ. ಮಹಾಕವಿಯ ಪದಗಳನ್ನು ಬರೆಯಲು ಕಾದಂಬರಿಕಾರನಿಗೆ ಸಾಧ್ಯವಿಲ್ಲ ಎಂದು ತೀರ್ಮಾನಿಸಿ ಅವನು ತಲೆಯಲ್ಲಿದ್ದ ಪದಗಳನ್ನೆಲ್ಲ ಬಿಟ್ಟುಬಿಟ್ಟಿದ್ದ. ಒಂದು ಪದ ಎಲ್ಲೋ ಕೇಳಿದ್ದರ ಕಳವಾದರೆ ಉಳಿದವೂ ಕಳವೇ ಇರಬೇಕಲ್ಲ. ಆ ನಾಲ್ಕು ಸಾಲನ್ನು ಮಾತ್ರ ಮೊದಲ ಪುಟದಲ್ಲಿ ಹಾಕಿದ್ದ. ಕೆಳಗೆ, ‘ಜನಪದ ಗೀತೆ, ಗೆಳೆಯ ಚಿನ್ನಪ್ಪನ ಅಜ್ಜಿ ಹಾಡುತ್ತಿದ್ದುದು’ ಎಂದು. ಓದಿದವರು, ಕವಿತೆಯನ್ನು ತೋರಿಸದೆಯೇ ಕವಿಯನ್ನು ತೋರಿಸಿದ ಸಂಯಮ ದೊಡ್ಡದು ಎಂದು ಹೊಗಳಿದರು. ಅದು ಸಂಯಮವಲ್ಲ. ನಾನು ಮುರಿದದ್ದು.

ಇಲ್ಲಿಗೂ ನಿಲ್ಲಲಿಲ್ಲ ನಾನು. ಹೇಳಲೇಬೇಕಾದ್ದು ಇದು. ‘ಅಜ್ಜಿಯ ಹಾಡು ಹಾಡಪ್ಪ’ ಎಂದು ಜನ ನನ್ನನ್ನು ಕೇಳತೊಡಗಿದರು. ಹಾಡಿದೆ. ಮದುವೆಗಳಲ್ಲಿ, ನಾಮಕರಣಗಳಲ್ಲಿ, ಮೂರೂ ಭಾಷೆಯಲ್ಲಿ ಹಾಡಿದೆ. ಅಂಚೆಟ್ಟಿಯಿಂದಾಚೆ, ಬಸ್ಸು ಬಾರದ ದಿನ ಆಂಪ್ಲಿಫೈಯರ್ ತಲೆಮೇಲೆ ಹೊತ್ತು ನಡೆದು, ನಾಟ್ರಾಂಪಾಳ್ಯದಲ್ಲೂ ಹಾಡಿದೆ. ಒಂದು ಕಡೆ ಶಾಲು ಹೊದಿಸಿದರು. ಅಜ್ಜಿಯನ್ನು ನೆನೆದು ಕಣ್ಣೊರೆಸಿಕೊಂಡೆ — ಯಾರ ಅಜ್ಜಿಯೋ. ನಾಲ್ಕು ಸಾಲು ಚಿಕ್ಕದಾಯಿತು ಎಂದು ನಾನೇ ಎರಡು ಸಾಲು ಸೇರಿಸಿದೆ: ‘ಮಾವಿನ ರುಚಿಯೇ ಬಾಳಿನ ರುಚಿಯೋ, ನಗುತಾ ಬಾರೋ ಗಿಣಿರಾಮ.’ ಚಪ್ಪಾಳೆ ಬೀಳುತ್ತಿತ್ತು. ಮುಂದಿನ ಸಾಲಿನಲ್ಲಿ ಕೂತ ನಂಜುಂಡನೂ ಒಂದು ಸಲ ಚಪ್ಪಾಳೆ ತಟ್ಟಿದ. ನಾನು ಅದನ್ನು ನೋಡಿದೆ. ನೋಡಿಯೂ ಹಾಡು ಮುಗಿಸಿದೆ.

ಅವನು ಆಮೇಲೆ ಏನೂ ಬರೆಯಲಿಲ್ಲ. ಕೇಳಿದವರಿಗೆ, ಪಾಳಿ ಜಾಸ್ತಿಯಾಗಿದೆ ಎನ್ನುತ್ತಿದ್ದ. ನಿವೃತ್ತನಾದ ಮೇಲೂ ಅದನ್ನೇ ಅಂದುಬಿಟ್ಟು, ತಾನೇ ನಕ್ಕ.

ಹೋದ ಮಾವಿನ ಕಾಲದಲ್ಲಿ ನಾನು ಕೃಷ್ಣಗಿರಿ ಕಡೆ ಒಬ್ಬ ನೆಂಟರನ್ನು ನೋಡಿ ಬರುತ್ತಿದ್ದೆ. ಬಸ್ಸು ಕೆಟ್ಟು ನಿಂತಿತು. ಎಲ್ಲರೂ ಇಳಿದೆವು. ರಸ್ತೆಯ ಪಕ್ಕ ತೋಪು. ನೆರಳಿಗೆಂದು ಬೇಲಿಯ ಹತ್ತಿರ ಹೋದೆ. ಒಳಗಿಂದ ಒಂದು ಕೂಗು ಎದ್ದಿತು —

“ಪರಂದು ಪೋ ಕಿಳಿಯೇ, ತೋಪು ಎನ್ನುದು ಇಲ್ಲೆ...”

ಗಿಣಿಗಳು ಭರ್ರೆಂದು ಎದ್ದವು. ತಮಿಳಿನಲ್ಲಿ ಆ ನಾಲ್ಕೂ ಸಾಲು. ಹಾಡುತ್ತಿದ್ದವಳು ತಲೆಗೆ ಟವೆಲ್ ಸುತ್ತಿಕೊಂಡ ನಡುವಯಸ್ಸಿನ ಹೆಂಗಸು. ಯಾರಿಗೂ ಹಾಡುತ್ತಿರಲಿಲ್ಲ, ಕೆಲಸ ಮಾಡುತ್ತಿದ್ದಳು. ಕೊನೆಯ ಸಾಲು ಕೂಗಿ, ತಲೆಯೆತ್ತಿ, ಕೊಂಬೆ ನಿಲ್ಲುವ ತನಕ ನೋಡುತ್ತ ನಿಂತಳು. ಬೈರಕ್ಕ ಪುಸ್ತಕದಿಂದ ಇಳಿದು ಬಂದಿದ್ದರೆ ಬೇರೆ ಹೇಗೆ ನಿಲ್ಲುತ್ತಿದ್ದಳು? ಕೈ ಮುಗಿಯಬೇಕೆನ್ನಿಸಿತು. ಯಾರಿಗೆ ಮುಗಿಯಬೇಕು ಎಂದು ತಿಳಿಯಲಿಲ್ಲ.

ಯಾರ ಹಾಡು ತಾಯಿ ಇದು ಎಂದು ತಮಿಳಿನಲ್ಲಿ ಕೇಳಿದೆ.

“ಎಂಗ ಪಾಟ್ಟಿ ಪಾಟ್ಟು, ಅಯ್ಯಾ,” ಎಂದಳು. ನಮ್ಮಜ್ಜಿಯ ಹಾಡು.

ನನ್ನ ಸುಳ್ಳು, ನನ್ನದೇ ಮಾತಿನಲ್ಲಿ, ಒಬ್ಬ ಪ್ರಾಮಾಣಿಕಳ ಬಾಯಿಂದ. ಅವಳು ನಿಜವಾಗಿ ಹಾಗೆಂದುಕೊಂಡಿದ್ದಳು. ಮಾತು ಬೆಳೆಸಿದಾಗ ತಿಳಿಯಿತು — ಅವಳ ನಾದಿನಿಯ ಮದುವೆಗೆ ಮೈಕ್ ಹಾಕಿದ್ದವನು ನಾನೇ. ಅಂದು ಕೇಳಿದ್ದು ಮನೆಯಲ್ಲಿ ಬೆರೆತು, ಅಜ್ಜಿಯ ಹಾಡುಗಳ ಜೊತೆ ಕೂತುಬಿಟ್ಟಿತ್ತು.

ಇನ್ನೂ ಇದೆಯಾ ಹಾಡು, ಮುಂದೆ ಎರಡು ಸಾಲು ಏನಾದರೂ — ಎಂದು ಕೇಳಿದೆ. ಯಾಕೆ ಕೇಳಿದೆ ನೋಡಿ, ಆಗಲೂ ನನ್ನ ಸಾಲಿನ ಆಸೆ.

“ಅವ್ವಳವುದಾನ್,” ಎಂದಳು. ಅಷ್ಟೇ.

ನನ್ನ ಗಿಣಿರಾಮ ಅಲ್ಲಿರಲಿಲ್ಲ. ಯಾರೂ ತೆಗೆದುಹಾಕಿದ್ದಲ್ಲ, ಬಾಯಿಂದ ಬಾಯಿಗೆ ಹೋಗುವಾಗ ತಾನಾಗಿ ಉದುರಿತ್ತು. ನಂಜುಂಡನ ನಾಲ್ಕು ಸಾಲಿನಲ್ಲಿ ಒಂದು ಮಾತೂ ಉದುರಿರಲಿಲ್ಲ, ಎರಡು ಭಾಷೆ ದಾಟಿದರೂ. ಕಾದಂಬರಿಕಾರ ಮಹಾಕವಿಯ ಪದ ಬರೆಯಬಲ್ಲನೇ ಎಂದು ನಾನು ಅಂಗಡಿಯಲ್ಲಿ ಕೂತು ಲೇವಡಿ ಮಾಡಿದ್ದೆ. ಬರೆಯಬಲ್ಲ. ನೋಡಿ, ಗಿಣಿಗಳೇ ಎದ್ದು ಹೋದವು.

ಅಂದೇ ಬೇರಿಕೆಗೆ ಬಂದು ನೇರ ಅವನ ಮನೆಗೆ ಹೋದೆ. ಜಗಲಿಯ ಮೇಲೆ ಹುರುಳಿ ಕೇರುತ್ತ ಅವನ ಹೆಂಡತಿ ಸಾಕಮ್ಮ, ಪಕ್ಕದಲ್ಲಿ ಅವನು. ನಿಂತುಕೊಂಡೇ ಹೇಳಿದೆ.

“ನಂಜುಂಡ, ಆ ಪದ ನಮ್ಮಜ್ಜೀದಲ್ಲ. ನಿಂದು. ಅವತ್ತು ಸಂತೆ ದಿನ ಸುಳ್ಳು ಹೇಳ್ದೆ.”

“ಈಗ್ಯಾಕ್ಲಾ ಈ ಹೊಸ ಆಟ?”

“ಆಟ ಅಲ್ಲ ಕಣ್ಲಾ. ನಮ್ಮಜ್ಜೀನ ನಾನು ನೋಡೇ ಇಲ್ಲ.” ತೋಪಿನ ಹೆಂಗಸಿನ ಸಂಗತಿಯನ್ನೂ ಹೇಳಿದೆ.

ಅವನಿಗೆ ಖುಷಿಯೇ ಆಯಿತು. “ನೋಡಿದ್ಯಾ? ನಿಮ್ಮಜ್ಜಿ, ಅವರಜ್ಜಿ, ಎಲ್ಲಾರ ಅಜ್ಜೀರೂ ಹಾಡವ್ರೆ. ಅಂಥದ್ದನ್ನ ನಂದು ಅನ್ನೋಕೆ ನಿಂಗೆ ಮನಸಾದ್ರೂ ಹೆಂಗೆ ಬತ್ತದೆ? ಇವ್ನು ಮುದುಕ ಆಗವ್ನೆ, ಒಂದಿಷ್ಟು ಸಮಾಧಾನ ಮಾಡನ ಅಂತ ಬಂದಿದೀಯ. ಕಾಫಿ ಕುಡಿ.”

ಸುಳ್ಳನ್ನು ಒಂದೇ ಉಸಿರಿಗೆ ನಂಬಿದ್ದವನು ನಿಜವನ್ನು ನಂಬಲಿಲ್ಲ. ಸಾಕಮ್ಮ ಮೊರ ಕೆಳಗಿಟ್ಟಳು.

“ಚಿನ್ನಪ್ಪಣ್ಣ, ನಿಜವಾ?”

“ನಿಜ ಕಣಮ್ಮ.”

“ಆ ಸಂತೆ ದಿನದಿಂದ ಇವ್ರು ಗುನುಗೋದು ನಿಲ್ಲಿಸ್ಬುಟ್ರು,” ಎಂದಳು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸಾಕ್ಷಿ ಎಲ್ಲಿಂದ ತರಲಿ? ಊರಲ್ಲಿ ನನ್ನ ಮಾತಿಗೆ ಬೆಲೆಯಿಲ್ಲದಂತೆ ಮಾಡಿಕೊಂಡವನು ನಾನೇ. ಕಾಫಿಯ ಲೋಟ ಹಿಡಿದು ಕೂತೆ. ಬಹಳ ದಿನದಿಂದ ಕೇಳಬೇಕೆಂದಿದ್ದದ್ದು ಒಂದಿತ್ತು, ಅದನ್ನು ಕೇಳಿದೆ — ಉಪಾಯವಾಗಿ ಅಲ್ಲ, ನನ್ನ ಮಟ್ಟಿಗೆ ಅದು ಇವತ್ತಿಗೂ ದೊಡ್ಡ ಬೆರಗು.

“ಹಕ್ಕಿ ಹೋದ್ಮೇಲೆ ಕೊಂಬೆ ಅಲ್ಲಾಡೋದು, ಅದು ಎಲ್ಲಿ ಕಂಡ್ತ್ಲಾ ನಿಂಗೆ?”

“ಕಂಡಿದ್ದೆಲ್ಲಿ,” ಎಂದ ನಂಜುಂಡ ಲೋಟ ಊದುತ್ತ. “ಮೊದ್ಲು ಅಲ್ಲಿ ಎಲೆ ಉದುರತದೆ ಅಂತಿತ್ತು. ಎಲೆ ಉದುರಿದ್ರೆ ಅಳು ಬತ್ತದೆ, ಬೈರಕ್ಕ ಅಳೋಳಲ್ಲ. ಅದಕ್ಕೇ ಬಾಳಾ ದಿನ ಆ ಸಾಲು ಕೂರ್ಲೇ ಇಲ್ಲ. ಒಂದಿನ ಮಿಷನ್ ಆಫ್ ಮಾಡ್ದೆ. ಆಫ್ ಮಾಡಿದ್ರೂ ಒಂದು ಗಳಿಗೆ ಕಬ್ಬಿಣ ನಡುಗ್ತಾನೇ ಇತ್ತು, ಕೈಯಿಟ್ಟು ನೋಡ್ದೆ. ಆವಾಗ ಎಲೆ ತೆಗೆದು ಕೊಂಬೆ ಇಟ್...”

ಮಾತು ಅಲ್ಲಿಗೆ ನಿಂತಿತು.

ಎಲ್ಲೋ ಕೇಳಿ ನೆನಪಾದ ಹಾಡನ್ನು ಯಾರೂ ತಿದ್ದುವುದಿಲ್ಲ, ತಿದ್ದುವವನು ಕಟ್ಟಿದವನೇ. ಅದನ್ನು ನಾನು ಹೇಳಲಿಲ್ಲ. ಅವನ ಮುಖದ ಮೇಲೆ ಅದು ತಾನಾಗಿ ಮೂಡುವುದನ್ನು ನೋಡಿದೆ. ಜೀವಮಾನದಲ್ಲಿ ಎಷ್ಟೋ ಮುಖಗಳು ನನ್ನ ಚೇಷ್ಟೆಗೆ ಬಣ್ಣ ಬದಲಿಸಿದ್ದನ್ನು ಕಂಡಿದ್ದೇನೆ, ಅಂಥದ್ದನ್ನು ಕಂಡಿರಲಿಲ್ಲ. ಮೊದಲು ಒಂದು ಬೆಳಕು, ಹುಡುಗನ ಮುಖದ್ದು. ‘ನಂದಾ?’ ಎಂಬಂತೆ ತುಟಿ ಅಲುಗಿತು. ಆಮೇಲೆ ಆ ಬೆಳಕಿನಲ್ಲಿಯೇ ಅವನಿಗೆ ಉಳಿದದ್ದೆಲ್ಲ ಕಂಡಿತು — ಬರೆಯದ ವರ್ಷಗಳು, ಮುಂದಿನ ಸಾಲಿನಲ್ಲಿ ಕೂತು ತಟ್ಟಿದ ಚಪ್ಪಾಳೆ.

ಲೋಟವನ್ನು ಕೆಳಗಿಟ್ಟ. ನನ್ನ ಕಡೆ ನೋಡಲಿಲ್ಲ.

“ಎಷ್ಟು ವರ್ಷ ಆಯ್ತ್ಲಾ,” ಎಂದ.

ಅವನು ಎದ್ದು ಒಳಗೆ ಹೋದ. ಕ್ಷಮೆ ಕೇಳಬೇಕೆಂದು ಹೋಗಿದ್ದೆ, ಕೇಳಲಿಲ್ಲ. ಕೇಳಿದ್ದರೆ ಅವನ ಸ್ವಭಾವಕ್ಕೆ ಕೊಟ್ಟುಬಿಡುತ್ತಿದ್ದ. ಇನ್ನೊಂದು ಸಲ ಅವನಿಂದ ಏನನ್ನೂ ಇಸಿದುಕೊಳ್ಳಲಾರೆ.

ಅಲ್ಲಿಂದೀಚೆಗೆ ಅವನು ನನ್ನೊಡನೆ ಮಾತಾಡಿಲ್ಲ. ಅದು ಸರಿಯೇ. ಗುನುಗುತ್ತಾನೋ ಇಲ್ಲವೋ ಎಂದು ಸಾಕಮ್ಮನನ್ನು ಕೇಳುವ ಹಕ್ಕು ನನಗಿಲ್ಲ. ಬೈರಕ್ಕನ ಉಳಿದ ಪದಗಳು ಅವನ ತಲೆಯಲ್ಲಿ ಇನ್ನೂ ಇವೆಯೋ, ಎಂದೋ ಒಣಗಿಹೋದವೋ — ಹೋಗಿದ್ದರೆ ಅವು ಎಂಥವಿದ್ದವು ಎಂದು ಯಾರಿಗೂ ಎಂದಿಗೂ ಗೊತ್ತಾಗುವುದಿಲ್ಲ. ಆ ನಾಲ್ಕು ಸಾಲನ್ನು ಕೇಳಿದವನಿಗೆ ಇದರ ನಷ್ಟ ಎಷ್ಟೆಂದು ಗೊತ್ತು.

ನಾನು ಹಾಡಿದ ಮನೆಗಳಿಗೆಲ್ಲ ಒಂದೊಂದಾಗಿ ಹೋಗಿ ನಿಜ ಹೇಳಿ ಬರುತ್ತಿದ್ದೇನೆ. ಕೆಲವರು ನಗುತ್ತಾರೆ, ಚಿನ್ನಪ್ಪನ ಇನ್ನೊಂದು ಚೇಷ್ಟೆ ಎಂದು. ಅದಕ್ಕಾಗಿ ಇದನ್ನು ಅಚ್ಚಿಗೂ ಕೊಟ್ಟಿದ್ದೇನೆ. ಮಾವು ಬಲಿಯುವ ಕಾಲಕ್ಕೆ ನಮ್ಮ ಕಡೆಯ ಯಾವುದಾದರೂ ತೋಪಿನಲ್ಲಿ ಆ ಹಾಡು ನಿಮ್ಮ ಕಿವಿಗೆ ಬಿದ್ದು, ಹಾಡಿದವರು ನಮ್ಮಜ್ಜಿಯದು ಎಂದರೆ, ಅವರನ್ನು ತಿದ್ದಬೇಡಿ. ಆದರೆ ನಿಮಗೆ ತಿಳಿದಿರಲಿ. ಅದನ್ನು ಕಟ್ಟಿದವನು ನಂಜುಂಡ. ಬೇರಿಕೆಯವನು. ಇನ್ನೂ ಇದ್ದಾನೆ.